ಪುಟ ಕಟ್ಟುವ ಕೆಲಸ

ಪುಸ್ತಕವನ್ನು ಓದುವವರು ಅದರ ವಿಷಯವನ್ನು ಕುರಿತು ಮಾತನಾಡುತ್ತಾರೆ. ಭಾಷೆಯನ್ನು ಮೆಚ್ಚುತ್ತಾರೆ, ಇಲ್ಲವೆ ಹಳಿಯುತ್ತಾರೆ. ಪುಟದ ಅಂಚಿನಲ್ಲಿ ಎಷ್ಟು ಸ್ಥಳ ಬಿಟ್ಟಿದೆ, ಸಾಲಿಗೂ ಸಾಲಿಗೂ ನಡುವೆ ಎಷ್ಟು ಅಂತರವಿದೆ ಎಂದು ವಿಚಾರಿಸುವವರು ವಿರಳ. ಊಟಕ್ಕೆ ಕುಳಿತವರು ಬಾಳೆಯೆಲೆಯನ್ನು ಹೊಗಳುವುದುಂಟೆ? ಎಲೆ ಸೀಳಿ ಸಾರು ನೆಲಕ್ಕೆ ಹರಿದಾಗ ಮಾತ್ರ ಅದರ ನೆನಪಾಗುತ್ತದೆ.

ಪುಟ ಕಟ್ಟುವ ಈ ಕೆಲಸ ಹಿಂದೆ ಅಚ್ಚುಕೂಟದೊಳಗೆ ನಡೆಯುತ್ತಿತ್ತು. ಮೊಳೆ ಜೋಡಿಸುವವರು ನೂರಾರು ಮನೆಗಳ ಮರದ ಕೇಸಿನ ಮುಂದೆ ನಿಂತು, ಸೀಸದ ಅಕ್ಷರಗಳನ್ನು ಒಂದೊಂದಾಗಿ ಆಯ್ದು ಸಾಲು ಮಾಡುತ್ತಿದ್ದರು. 1985ರಲ್ಲಿ ಅಮೆರಿಕದ ಆಲ್ಡಸ್ ಎಂಬ ಸಂಸ್ಥೆಯು ಪೇಜ್‌ಮೇಕರ್ ತಂತ್ರಾಂಶವನ್ನು ಹೊರತಂದ ಮೇಲೆ ಈ ಕೆಲಸ ಮೇಜಿನ ಮೇಲಿನ ಕಂಪ್ಯೂಟರಿಗೆ ಬಂದಿತು. ಆ ಸಂಸ್ಥೆ ಇಟ್ಟುಕೊಂಡಿದ್ದ ಹೆಸರು ಸುಮಾರು ಐದು ಶತಮಾನಗಳ ಹಿಂದೆ ವೆನಿಸ್ ನಗರದಲ್ಲಿದ್ದ ಆಲ್ಡಸ್ ಮನೂಟಿಯಸ್ ಎಂಬ ಮುದ್ರಕನದು. ಕೈಯಲ್ಲಿ ಹಿಡಿದು ಓದಬಹುದಾದ ಸಣ್ಣ ಪುಸ್ತಕಗಳಿಗಾಗಿ ಆತ ಪ್ರಸಿದ್ಧನಾಗಿದ್ದ.

ನಮ್ಮ ಊರಿನ ಗ್ರಂಥಾಲಯಕ್ಕೆ ಐವತ್ತು ವರ್ಷ ತುಂಬಿದಾಗ ಒಂದು ನೆನಪಿನ ಪುಸ್ತಿಕೆಯನ್ನು ಸಿದ್ಧಪಡಿಸುವ ಭಾರ ನನ್ನ ಪಾಲಿಗೆ ಬಂದಿತು. ಸ್ಕ್ರೈಬಸ್ ಎಂಬುದು ಹಣ ಕೊಡದೆ ಪಡೆಯಬಹುದಾದ ಮುಕ್ತ ತಂತ್ರಾಂಶ. ಅದರಲ್ಲಿಯೇ ಕೆಲಸಕ್ಕೆ ತೊಡಗಿದೆ. ನೆರೆಮನೆಯಲ್ಲಿ ಮೊಳೆ ಜೋಡಿಸಿ ಕೈ ಪಳಗಿದ ಹಿರಿಯರೊಬ್ಬರಿದ್ದರು. ಕಂಪ್ಯೂಟರನ್ನು ಅವರು ಮುಟ್ಟಿದವರಲ್ಲ. ಆದರೂ ದಿನವೂ ಸಂಜೆ ಬಂದು, ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಪರದೆಯನ್ನೇ ದಿಟ್ಟಿಸುತ್ತಿದ್ದರು.

ಮೊದಲ ದಿನವೇ ಅವರು, “ನೋಡಪ್ಪಾ, ಸಾಲುಗಳಿಗೆ ಉಸಿರು ಕಟ್ಟಿದೆ” ಎಂದರು. ಅದು ನಿಜವೇ ಆಗಿತ್ತು. ಇಂತಹ ಬಹುತೇಕ ತಂತ್ರಾಂಶಗಳು ಮೊದಲು ಹುಟ್ಟಿದ್ದು ಇಂಗ್ಲಿಷಿನಂತಹ ಲಿಪಿಗಳಿಗಾಗಿ. ಅಲ್ಲಿ 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಸಾಲಂತರ ಸಾಕೆನ್ನುವುದು ರೂಢಿ. ಒಂದು ಪಾಯಿಂಟ್ ಎಂದರೆ ಅಂಗುಲದ 72ನೆಯ ಒಂದು ಭಾಗ. ಇಂಗ್ಲಿಷಿನಲ್ಲಿ ಗೆರೆಯ ಕೆಳಗೆ ಬಾಲ ಇಳಿಬಿಡುವ ಅಕ್ಷರಗಳು ಕೆಲವೇ. ಕನ್ನಡದ ಮಾತೇ ಬೇರೆ. ‘ರಾಷ್ಟ್ರ’ ಎಂಬ ಪದವನ್ನು ಬರೆದು ನೋಡಿ: ಒಂದು ಅಕ್ಷರ ಎರಡು ಒತ್ತುಗಳನ್ನು ಹೊತ್ತು ನಿಂತಿದೆ. ಮೇಲಿನ ಸಾಲಿನಿಂದ ಇಳಿದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಓದುವ ಕಣ್ಣು ಮುಗ್ಗರಿಸುತ್ತದೆ. ನಾವು ಆರಿಸಿಕೊಂಡ 12 ಪಾಯಿಂಟ್ ಅಕ್ಷರಕ್ಕೆ 18 ಪಾಯಿಂಟ್ ಅಂತರ ಕೊಟ್ಟ ಮೇಲೆ ಪುಟ ತಿಳಿಯಾಯಿತು. ಹಿಂದೆ ಈ ಅಂತರಕ್ಕಾಗಿ ಸಾಲುಗಳ ನಡುವೆ ಸೀಸದ ತೆಳುಪಟ್ಟಿಗಳನ್ನು ಇಡುತ್ತಿದ್ದರು. ಇಂಗ್ಲಿಷಿನಲ್ಲಿ ಸೀಸಕ್ಕೆ ‘ಲೆಡ್’ ಎಂಬ ಹೆಸರು. ತಂತ್ರಾಂಶಗಳು ಸಾಲಂತರವನ್ನು ಇಂದಿಗೂ ‘ಲೆಡಿಂಗ್’ ಎಂದೇ ಕರೆಯುತ್ತವೆ. ಸೀಸ ಹೋಯಿತು, ಹೆಸರು ಉಳಿಯಿತು.

ತಂತ್ರಾಂಶದಲ್ಲಿ ‘ಮಾಸ್ಟರ್ ಪುಟ’ ಎಂಬ ಸೌಕರ್ಯವಿದೆ. ಅಂಚು, ಪುಟಸಂಖ್ಯೆ ಮೊದಲಾದವನ್ನು ಅದರಲ್ಲಿ ಒಮ್ಮೆ ಗೊತ್ತುಪಡಿಸಿದರೆ ಎಲ್ಲ ಪುಟಗಳೂ ಅದನ್ನೇ ಅನುಸರಿಸುತ್ತವೆ. ಶೀರ್ಷಿಕೆಗಳಿಗೂ ಹೀಗೆಯೇ ಒಂದು ಶೈಲಿಯನ್ನು ಹೆಸರಿಟ್ಟು ಕಾಯ್ದಿರಿಸಬಹುದು. ಆ ಶೈಲಿಯನ್ನು ಬದಲಿಸಿದರೆ ಎಲ್ಲ ಶೀರ್ಷಿಕೆಗಳೂ ಒಮ್ಮೆಗೇ ಬದಲಾಗುತ್ತವೆ. ಇದನ್ನು ಕಂಡು ಹಿರಿಯರು ಬಹಳ ಹೊತ್ತು ಮಾತನಾಡಲಿಲ್ಲ. ಒಂದು ಶೀರ್ಷಿಕೆಯನ್ನು ದೊಡ್ಡದು ಮಾಡಲು ಕಟ್ಟಿದ ಪುಟವನ್ನೇ ಬಿಚ್ಚುತ್ತಿದ್ದ ದಿನಗಳು ಅವರಿಗೆ ನೆನಪಾಗಿರಬೇಕು.

ನಿಜವಾದ ತೊಡಕು ಕಾಣಿಸಿಕೊಂಡದ್ದು ಕೊನೆಯಲ್ಲಿ. ಎ4 ಹಾಳೆಯನ್ನು ನಡುವೆ ಮಡಿಸಿ ಹೊಲಿದರೆ ಒಂದು ಹಾಳೆಗೆ 4 ಪುಟಗಳಾಗುತ್ತವೆ. ನಮ್ಮ ಹಣ 4 ಹಾಳೆಗಳಿಗೆ, ಎಂದರೆ 16 ಪುಟಗಳಿಗೆ ಮಾತ್ರ ಸಾಲುತ್ತಿತ್ತು. ಬರಹಗಳು 18 ಪುಟಗಳಷ್ಟಾದವು. ಸಮಿತಿಯವರೊಬ್ಬರು, “ಅಕ್ಷರವನ್ನು ಸಣ್ಣದು ಮಾಡಿ, ಗುಂಡಿ ಒತ್ತಿದರಾಯಿತು” ಎಂದರು. ಇನ್ನೊಬ್ಬರು, ಒಬ್ಬ ಅಜ್ಜಿಯ ನೆನಪುಗಳಿದ್ದ ಎರಡು ಪುಟಗಳನ್ನು ಬಿಡಬಹುದೆಂದರು. ಗ್ರಂಥಾಲಯದ ಮೆಟ್ಟಿಲು ಹತ್ತಲು ಹೆಂಗಸರು ಸಂಕೋಚಪಡುತ್ತಿದ್ದ ಕಾಲದಲ್ಲಿ, ಆಕೆ ಸೆರಗಿನ ಮರೆಯಲ್ಲಿ ಕಾದಂಬರಿಗಳನ್ನು ಇಟ್ಟುಕೊಂಡು ಮನೆಮನೆಗೆ ಕೊಂಡೊಯ್ದು ಕೊಟ್ಟವರು.

ಅಕ್ಷರವನ್ನು 10 ಪಾಯಿಂಟಿಗೆ ಇಳಿಸಿದರೆ ಎಲ್ಲವೂ 16 ಪುಟಗಳಲ್ಲಿ ಅಡಗುತ್ತಿತ್ತು. ಆದರೆ ಈ ಪುಸ್ತಿಕೆಯನ್ನು ಕಾತರದಿಂದ ಕಾಯುತ್ತಿದ್ದವರು ಅರವತ್ತು ದಾಟಿದವರು. ಹಿರಿಯರು ನನ್ನ ಕಡೆ ತಿರುಗಿ, “ಸೀಸ ಹಿಂಡಿದರೆ ಕುಗ್ಗುತ್ತಿರಲಿಲ್ಲವಪ್ಪಾ. ಹಾಗಾಗಿ ಬರೆದವರೇ ನಾಲ್ಕು ಸಾಲು ಬಿಟ್ಟುಕೊಡುತ್ತಿದ್ದರು. ಯಾರ ಸಾಲು ಬಿಡಬಹುದು ಎಂದು ಮೊದಲು ನೋಡು” ಎಂದರು. ಪುಟಗಳನ್ನೆಲ್ಲ ಮತ್ತೆ ತಿರುವಿದೆ. ಗಣ್ಯರ ಶುಭಾಶಯ ಸಂದೇಶಗಳು, ಅವರ ಭಾವಚಿತ್ರಗಳು ಸೇರಿ ಮೂರು ಪುಟಗಳನ್ನು ಆಕ್ರಮಿಸಿದ್ದವು. ಎಲ್ಲ ಸಂದೇಶಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಮಾತು. ಇಂತಹ ಪುಸ್ತಿಕೆಗಳ ಹಣೆಬರಹವೇ ಅದು. ಭಾವಚಿತ್ರಗಳನ್ನು ತೆಗೆದು, ಸಂದೇಶಗಳನ್ನು ಎರಡೆರಡು ಸಾಲಿಗೆ ಇಳಿಸಿ ಒಂದೇ ಪುಟದಲ್ಲಿ ಹೊಂದಿಸಿದೆ. ಲೆಕ್ಕ ಸರಿಯಾಗಿ 16ಕ್ಕೆ ನಿಂತಿತು. ಸಮಿತಿಯಲ್ಲಿ ಇಬ್ಬರು ಇದರಿಂದ ಮುನಿಸಿಕೊಂಡರು. ನಾನು ಪುಟಗಳನ್ನು ಬದಲಿಸಲಿಲ್ಲ. ಅಜ್ಜಿಯ ನೆನಪುಗಳು ಹೊಲಿಗೆಯ ನಡುವೆ, ಎದುರುಬದುರಾಗಿ ತೆರೆದುಕೊಳ್ಳುವ 8 ಮತ್ತು 9ನೆಯ ಪುಟಗಳಲ್ಲಿ ಬಂದವು.

ಪುಸ್ತಿಕೆ ಅಚ್ಚಾಗಿ ಬಂದ ದಿನ ಹಿರಿಯರು ಅದನ್ನು ಓದಲಿಲ್ಲ. ನಡುಹಾಳೆಯನ್ನು ತೆರೆದು, ಕಿಟಕಿಯ ಬೆಳಕಿಗೆ ಹಿಡಿದರು. ಹಾಳೆಯ ಈ ಮಗ್ಗುಲಿನ ಸಾಲುಗಳು ಆ ಮಗ್ಗುಲಿನ ಸಾಲುಗಳ ಬೆನ್ನಿಗೇ ಸರಿಯಾಗಿ ಕುಳಿತಿವೆಯೇ ಎಂದು ನೋಡುವುದು ಅವರ ಹಳೆಯ ಅಭ್ಯಾಸ. ಒಂದು ಮೂಲೆಯಲ್ಲಿ ಸಾಲು ಕೂದಲೆಳೆಯಷ್ಟು ಸರಿದಿತ್ತು. ಅದನ್ನು ಬೆರಳಿಟ್ಟು ತೋರಿಸಿ, ಪುಸ್ತಿಕೆಯನ್ನು ಮಡಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು.