ಪ್ರೇಮಕಥೆಗೂ ಬೇಕು ಪುರಾವೆ

ಪ್ರೇಮಕಾದಂಬರಿ ಬರೆಯಲು ಏನು ಬೇಕು? ಒಂದಷ್ಟು ಕಲ್ಪನೆ, ಒಂದಷ್ಟು ಕಣ್ಣೀರು, ಕೊನೆಗೊಂದು ಮದುವೆ. ಅಷ್ಟು ಸಾಕು ಎನ್ನುವವರೇ ಹೆಚ್ಚು. ಪಠ್ಯಪುಸ್ತಕದ ನಡುವೆ ಅಂಥ ಕಾದಂಬರಿ ಇಟ್ಟುಕೊಂಡು ಓದುವ ಮಗಳು ಸಿಕ್ಕಿಬಿದ್ದರೆ ಬೈಗುಳ ತಪ್ಪಿದ್ದಲ್ಲ. ಆದರೆ ಇಂಗ್ಲೆಂಡಿನ ಜಾರ್ಜೆಟ್ ಹೇಯರ್ ಈ ಕೆಲಸಕ್ಕಾಗಿ ಪಟ್ಟ ಶ್ರಮ ಕೇಳಿದರೆ ಇತಿಹಾಸದ ಮೇಷ್ಟ್ರುಗಳೂ ತಲೆದೂಗಬೇಕು.

1902ರಲ್ಲಿ ವಿಂಬಲ್ಡನ್‌ನಲ್ಲಿ ಹುಟ್ಟಿದ ಹೇಯರ್ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. ಹದಿನೇಳರ ವಯಸ್ಸಿನಲ್ಲಿ, ಕಾಯಿಲೆಯ ತಮ್ಮನ ಬೇಸರ ಕಳೆಯಲೆಂದು ಕಥೆ ಕಟ್ಟತೊಡಗಿದರು. ಅದನ್ನು ಅಚ್ಚಿಗೆ ಕೊಡುವಂತೆ ಹುರಿದುಂಬಿಸಿದವರು ತಂದೆ. 1921ರಲ್ಲಿ 'ದಿ ಬ್ಲ್ಯಾಕ್ ಮಾತ್' ಹೊರಬಂದಾಗ ಆಕೆಗೆ 19 ವರ್ಷ.

1925ರಲ್ಲಿ ಆ ತಂದೆ ಹೃದಯಾಘಾತದಿಂದ ದಿಢೀರನೆ ತೀರಿಕೊಂಡರು. ಪಿಂಚಣಿ ಇರಲಿಲ್ಲ, ಇಬ್ಬರು ತಮ್ಮಂದಿರ ಹೊಣೆ ಅಕ್ಕನ ಹೆಗಲಿಗೆ ಬಿತ್ತು. ಹವ್ಯಾಸವಾಗಿದ್ದ ಬರವಣಿಗೆ ಜೀವನೋಪಾಯವಾಯಿತು. ಅದೇ ವರ್ಷ ಗಣಿ ಎಂಜಿನಿಯರ್ ಒಬ್ಬರೊಂದಿಗೆ ಮದುವೆಯಾಯಿತು. ಮುಂದೆ ಪತಿ ಆ ವೃತ್ತಿ ಬಿಟ್ಟು ವಕೀಲಿ ಓದುವಾಗಲೂ ಸಂಸಾರ ಸಾಗಿದ್ದು ಬಹುಮಟ್ಟಿಗೆ ಆಕೆಯ ಲೇಖನಿಯಿಂದ.

ಪತಿಯ ಕೆಲಸದ ನಿಮಿತ್ತ ಆಫ್ರಿಕಾದ ಟಾಂಗನೀಕಕ್ಕೆ ಹೋದಾಗ ವಾಸ ಕಾಡಿನ ನಡುವೆ, ಆನೆಹುಲ್ಲಿನ ಗುಡಿಸಲಿನಲ್ಲಿ. ಆಧಾರಗ್ರಂಥಗಳಿಲ್ಲದ ಆ ಜಾಗದಲ್ಲಿ ಕುಳಿತು ಹದಿನೆಂಟನೇ ಶತಮಾನದ ಲಂಡನ್ನಿನ ಕಥೆ ಬರೆದರು! ವಿಲಿಯಂ ದೊರೆಯ ಬದುಕನ್ನು ಕುರಿತ 'ದಿ ಕಾಂಕರರ್' (1931) ಬರೆಯುವಾಗ, ಆತ ಇಂಗ್ಲೆಂಡಿಗೆ ದಂಡೆತ್ತಿ ಬಂದ ದಾರಿಯಲ್ಲೇ ತಾವೂ ಪ್ರಯಾಣ ಮಾಡಿದರು.

ಆಕೆಯ ಮನೆಯಲ್ಲಿ ಸಾವಿರಕ್ಕೂ ಹೆಚ್ಚು ಇತಿಹಾಸ ಗ್ರಂಥಗಳಿದ್ದವು. ಉಡುಪು, ಟೋಪಿ, ಬಣ್ಣ, ಅಂಗಡಿ, ಬೆಲೆ ಎಂದು ವಿಂಗಡಿಸಿದ ಟಿಪ್ಪಣಿಗಳಿದ್ದವು. ಇಂಥ ವರ್ಷ ಮೇಣದಬತ್ತಿಯ ಬೆಲೆ ಎಷ್ಟಿತ್ತು ಎಂಬುದೂ ಅದರಲ್ಲಿತ್ತು. ಡ್ಯೂಕ್ ಆಫ್ ವೆಲಿಂಗ್ಟನ್ನನ ಮಾತಿನ ಧಾಟಿ ಹಿಡಿಯಲು ಆತ ಬರೆದ ಪತ್ರವೊಂದನ್ನು ಹಣ ಕೊಟ್ಟು ಕೊಂಡರು. ವಾಟರ್ಲೂ ಯುದ್ಧದ ಹಿನ್ನೆಲೆಯ 'ಆ್ಯನ್ ಇನ್‌ಫೇಮಸ್ ಆರ್ಮಿ' (1937) ಕಾದಂಬರಿಯಲ್ಲಿ ವೆಲಿಂಗ್ಟನ್ ಆಡುವ ಮಾತೆಲ್ಲ ಆತ ನಿಜವಾಗಿ ಆಡಿದ್ದು, ಇಲ್ಲವೇ ಬರೆದದ್ದು ಎಂದು ಆಕೆ ಹೇಳಿಕೊಂಡಿದ್ದರು.

ಇಷ್ಟಾದರೂ ಗಂಭೀರ ವಿಮರ್ಶಕರು ಹೆಚ್ಚಾಗಿ ತಿರುಗಿ ನೋಡಲಿಲ್ಲ. 1926ರಲ್ಲಿ ಬ್ರಿಟನ್ನಿನಲ್ಲಿ ಸಾರ್ವತ್ರಿಕ ಮುಷ್ಕರ ನಡೆದಿದ್ದಾಗ ಬಂದ 'ದೀಸ್ ಓಲ್ಡ್ ಶೇಡ್ಸ್'ಗೆ ಜಾಹೀರಾತೂ ಇರಲಿಲ್ಲ, ವಿಮರ್ಶೆಯೂ ಇರಲಿಲ್ಲ. ಆದರೂ 1,90,000 ಪ್ರತಿ ಖರ್ಚಾಯಿತು. ಪ್ರಚಾರದಿಂದ ಪುಸ್ತಕಕ್ಕೆ ಆಗಬೇಕಾದ್ದೇನೂ ಇಲ್ಲ ಎಂದು ತೀರ್ಮಾನಿಸಿದ ಆಕೆ ಮುಂದೆ ಸಂದರ್ಶನಗಳಿಂದ ದೂರವೇ ಉಳಿದರು.

ಯಶಸ್ಸಿಗೆ ಬೆಲೆಯನ್ನೂ ತೆತ್ತರು. ಲಂಕಾಸ್ಟರ್ ರಾಜಮನೆತನದ ಬಗ್ಗೆ ಮೂರು ಸಂಪುಟಗಳ ದೊಡ್ಡ ಕೃತಿ ಬರೆಯುವುದು ಆಕೆಯ ಕನಸು. ತೆರಿಗೆ ಕಟ್ಟಲು ಹಣ ಬೇಕು, ಓದುಗರಿಗೆ ಪ್ರೇಮಕಥೆ ಬೇಕು. ಪ್ರತಿಸಲವೂ ಆ ಹಸ್ತಪ್ರತಿಯನ್ನು ಪಕ್ಕಕ್ಕಿಟ್ಟು ಇನ್ನೊಂದು ಪ್ರೇಮಕಾದಂಬರಿಗೆ ಕೈಹಾಕಬೇಕಾಯಿತು. 1974ರಲ್ಲಿ ಆಕೆ ತೀರಿಕೊಂಡಾಗ ಮೊದಲ ಸಂಪುಟವೂ ಮುಗಿದಿರಲಿಲ್ಲ. ಬರೆದಷ್ಟು ಭಾಗ ಮರುವರ್ಷ 'ಮೈ ಲಾರ್ಡ್ ಜಾನ್' ಎಂಬ ಹೆಸರಿನಲ್ಲಿ ಬಂತು.

ಮಕ್ಕಳು ಬರಹಗಾರರಾಗುತ್ತೇವೆಂದರೆ ಹೆತ್ತವರು ಗಾಬರಿಯಾಗುವುದು ಸಹಜ. ಹೇಯರ್ ಬದುಕು ಆ ಗಾಬರಿಯನ್ನು ಸುಳ್ಳೆನ್ನುವುದಿಲ್ಲ. ಬರಹವೂ ಬೇರೆ ಕಸುಬಿನಂತೆಯೇ ದಿನನಿತ್ಯದ ದುಡಿಮೆ ಬೇಡುತ್ತದೆ ಎನ್ನುತ್ತದೆ. ಜನ ಹಗುರವಾಗಿ ಕಾಣುವ ಕೆಲಸವನ್ನು ಆಕೆ ಮಾತ್ರ ಎಂದೂ ಹಗುರವಾಗಿ ಮಾಡಲಿಲ್ಲ. ಆಕೆಯ ಕಾದಂಬರಿಗಳು ಇಂದಿಗೂ ಅಚ್ಚಾಗುತ್ತಿವೆ.