ಮೋಕದಲ್ಲಿ ಎರಡು ದಿನ

ಬಳ್ಳಾರಿಯಿಂದ ಬಸ್ಸು ಹತ್ತಿ, ಎರೆಹೊಲಗಳ ನಡುವೆ ಈಶಾನ್ಯ ದಿಕ್ಕಿಗೆ ಸಾಗಿದರೆ ಮೋಕವು ದೊರೆಯುವುದು. ಬಳ್ಳಾರಿ ತಾಲ್ಲೂಕಿನ ಹೋಬಳಿಯ ಊರಿದು. ಸಮೀಪದಲ್ಲಿ ಹರಿಯುವ ವೇದಾವತಿಯನ್ನು ಇಲ್ಲಿಯವರು ಹಗರಿಯೆಂದೇ ಕರೆಯುವರು. ಬೇಸಿಗೆಯಲ್ಲಿ ಅದರ ಪಾತ್ರದಲ್ಲಿ ನೀರಿಗಿಂತ ಮರಳೇ ಹೆಚ್ಚು. ಆಂಧ್ರದ ಗಡಿಯು ಹತ್ತಿರವಾದುದರಿಂದ ಅಂಗಡಿಕಟ್ಟೆಗಳಲ್ಲಿ ಕನ್ನಡದೊಡನೆ ತೆಲುಗೂ ಕಿವಿಗೆ ಬೀಳುವುದು. ಜೋಳದ ಈ ಸೀಮೆಯಲ್ಲಿ ತುಂಗಭದ್ರೆಯ ಕಾಲುವೆ ಬಂದ ಮೇಲೆ ಬತ್ತವೂ ಬೆಳೆಯತೊಡಗಿತು.

ಹೋದ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋದುದು ಸೋದರತ್ತೆಯವರು ಹೇಳಿಕಳುಹಿಸಿದುದರಿಂದ. ಎಪ್ಪತ್ತೆಂಟರ ವಯಸ್ಸಾದರೂ ಅವರ ಬುದ್ಧಿ ಚುರುಕು. ಊಟವಾದ ಮೇಲೆ ಪಡಸಾಲೆಯಲ್ಲಿ ಕುಳ್ಳಿರಿಸಿಕೊಂಡು, “ತಮ್ಮಾ, ನನ್ನದೊಂದು ಕಾಗದ ಬರೆದುಕೊಡಬೇಕು” ಎಂದರು.

ಮಾವನವರ ಕೊನೆಯ ದಿನಗಳು ನನಗೆ ನೆನಪಾದುವು. ಪಟ್ಟಣದ ಆಸ್ಪತ್ರೆಯೊಂದರಲ್ಲಿ ಹನ್ನೊಂದು ದಿನ ಯಂತ್ರವೇ ಅವರಿಗೆ ಉಸಿರು ಕೊಟ್ಟಿತು. ಇನ್ನು ಗುಣವಾಗದೆಂದು ವೈದ್ಯರು ಹೇಳಿದ್ದರೂ, ಸಾಕೆಂದು ನುಡಿಯಲು ಇಬ್ಬರು ಮಕ್ಕಳಿಗೂ ಬಾಯಿ ಬರಲಿಲ್ಲ. ಅಣ್ಣ ಹೇಳಲೆಂದು ತಮ್ಮ, ತಮ್ಮ ಹೇಳಲೆಂದು ಅಣ್ಣ ಕಾದರು. ಅಂದಿನಿಂದ ಅವರಲ್ಲಿ ಮಾತು ಕಡಿಮೆಯಾಯಿತು.

ಅತ್ತೆಯವರು ಕೇಳಿದ ಕಾಗದಕ್ಕೆ ಮುಂಗಡ ವೈದ್ಯಕೀಯ ನಿರ್ದೇಶನವೆಂದು ಹೆಸರು. 2018ನೆಯ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಇದಕ್ಕೆ ಮಾನ್ಯತೆಯನ್ನಿತ್ತಿತು. ಮೊದಲು ಮ್ಯಾಜಿಸ್ಟ್ರೇಟರ ರುಜು ಬೇಕಾಗಿದ್ದುದನ್ನು 2023ರ ಜನವರಿಯಲ್ಲಿ ಸಡಿಲಿಸಿ, ಇಬ್ಬರು ಸಾಕ್ಷಿಗಳೂ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯೊಬ್ಬರ ರುಜುವೂ ಸಾಕೆಂದಿತು. ಕರ್ನಾಟಕದ ಆರೋಗ್ಯ ಇಲಾಖೆಯು 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಸುತ್ತೋಲೆಯನ್ನು ಹೊರಡಿಸಿತು. ವಯಸ್ಕರಾಗಿ, ಸ್ವಸ್ಥಚಿತ್ತರಾಗಿರುವ ಯಾರೇ ಆಗಲಿ ತಮ್ಮ ಇಚ್ಛೆಯಿಂದ ಇದನ್ನು ಬರೆಯಬಹುದು. ಮನಸ್ಸು ಬದಲಾದರೆ ಹಿಂತೆಗೆದುಕೊಳ್ಳಲೂಬಹುದು. ಒಂದು ಪ್ರತಿಯನ್ನು ಪಂಚಾಯತಿ ಇಲ್ಲವೆ ನಗರಸಭೆಯ ಅಧಿಕಾರಿಯ ವಶಕ್ಕೆ ಕೊಡುವ ಏರ್ಪಾಡೂ ಉಂಟು.

ಇದು ಮದ್ದಿಕ್ಕಿ ಕೊಲ್ಲುವ ಅನುಮತಿಯಲ್ಲ. ಅಂಥದಕ್ಕೆ ನಮ್ಮ ಕಾಯಿದೆಯಲ್ಲಿ ಎಡೆಯಿಲ್ಲ. ಗುಣವಾಗುವ ಆಸೆಯುಳ್ಳ ರೋಗಕ್ಕೂ ಇದು ಅನ್ವಯಿಸದು. ರೋಗಿಗೆ ತಾನೇ ನಿರ್ಧರಿಸುವ ಶಕ್ತಿಯಿಲ್ಲದೆ, ಚೇತರಿಕೆಯ ಆಸೆಯೂ ಇಲ್ಲದಾದಾಗ ಆಸ್ಪತ್ರೆಯ ಮೂವರು ವೈದ್ಯರ ಮಂಡಲಿಯು ವಿಚಾರಿಸಬೇಕು. ಅನಂತರ ಇನ್ನೊಂದು ಮಂಡಲಿಯೂ ಒಪ್ಪಬೇಕು. ಅದರಲ್ಲಿ ಜಿಲ್ಲೆಯ ಆರೋಗ್ಯಾಧಿಕಾರಿ ನೇಮಿಸಿದ ವೈದ್ಯರೊಬ್ಬರಿರುವರು. ನೋವನ್ನು ತಗ್ಗಿಸುವ ಉಪಚಾರವಂತೂ ಕೊನೆಯವರೆಗೂ ನಿಲ್ಲತಕ್ಕುದಲ್ಲ.

ಕಿರಿಯ ಮಗನು ಬಾಗಿಲಲ್ಲಿಯೇ ನಿಂತು, “ಅಮ್ಮಾ, ಈಗಲೇ ಈ ಮಾತೇಕೆ?” ಎಂದನು.

“ಹೊಲದ ಪಾಲು ಬರೆಯಿಸಿದಾಗ ನೀನು ಹೀಗೆ ಕೇಳಲಿಲ್ಲವಪ್ಪಾ,” ಎಂದರು ಅತ್ತೆ. “ನನ್ನ ಪರವಾಗಿ ಮಾತನಾಡಲು ನಿಮ್ಮಿಬ್ಬರ ಹೆಸರನ್ನೂ ಬರೆಯಿಸುವೆನು. ಸಾಕೆಂದು ಹೇಳಿದವರು ಯಾರೆಂಬ ಮಾತು ನಾಳೆ ನಿಮ್ಮ ನಡುವೆ ಬರಬಾರದು. ಹೇಳಿದವಳು ನಾನೇ.”

ಅವನು ಒಳಗೆ ಬಂದು ಕುಳಿತನು. ಅಣ್ಣನನ್ನು ಕರೆದುಕೊಂಡು ಬರಲು ಹುಡುಗನೊಬ್ಬನನ್ನು ಕಳುಹಿಸಿದೆವು. ಆ ಸಂಜೆ ಅತ್ತೆ ಹೇಳಿದಂತೆ ನಾನು ಬರೆದೆನು. ಸಾಲು ಮುಗಿದಂತೆ ಓದಿ ಹೇಳಿದೆನು. ಎರಡು ಕಡೆ ಅವರು ತಿದ್ದಿಸಿದರು. ಮರುದಿನ ನೆರೆಯವರಿಬ್ಬರು ಸಾಕ್ಷಿಗಳೊಡನೆ ಬಳ್ಳಾರಿಯ ನೋಟರಿಯ ಬಳಿಗೆ ಹೋದೆವು.

ವಾಚಕರ ಮನೆಗಳಲ್ಲಿಯೂ ಹಿರಿಯರು ಉಂಟಷ್ಟೆ. ಅವರ ಇಚ್ಛೆಯೇನೆಂದು ಆಸ್ಪತ್ರೆಯ ಬಾಗಿಲಲ್ಲಿ ಊಹಿಸುವುದಕ್ಕಿಂತ, ಪಡಸಾಲೆಯಲ್ಲಿ ಅವರ ಬಾಯಿಂದಲೇ ಕೇಳುವುದು ಲೇಸು. ನಾನು ಊರಿಗೆ ಹೊರಟಾಗ ಅಣ್ಣತಮ್ಮಂದಿರು ಇಬ್ಬರೂ ಬಸ್ಸಿನವರೆಗೆ ಬಂದರು; ಹಿಂದಿರುಗುವಾಗ ಅವರು ಏನೋ ಮಾತನಾಡುತ್ತ ಒಟ್ಟಿಗೆ ನಡೆದುದನ್ನು ಕಿಟಕಿಯಿಂದ ಕಂಡೆನು.