ವಿಲ್ಲೀಸ್ ಎಂಬ ಹೆಸರು

ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ಗೋಡೆ ಗಡಿಯಾರವೋ ಹೊಲಿಗೆ ಯಂತ್ರವೋ ಉಳಿದಿದ್ದರೆ ಅದರ ಮೇಲಿನ ಹೆಸರನ್ನು ಒಮ್ಮೆ ಓದಿ ನೋಡಿ. ಆ ಹೆಸರಿನ ಕಂಪನಿ ಇಂದು ಇರಲಾರದು. ವಸ್ತು ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ಮಳಗಿಯ ನಮ್ಮ ಅಂಗಳದಲ್ಲಿ ನಿಂತಿರುವ ಜೀಪಿನ ಬಾನೆಟ್ಟಿನ ಎರಡೂ ಬದಿಗೆ, ತಗಡಿನಲ್ಲಿಯೇ ಉಬ್ಬಿಸಿದ ಅಕ್ಷರಗಳಲ್ಲಿ ‘ವಿಲ್ಲೀಸ್’ ಎಂದು ಬರೆದಿದೆ. ಏಳೆಂಟು ಸಲ ಬಣ್ಣ ಬಳಿದರೂ ಆ ಅಕ್ಷರಗಳು ಮುಚ್ಚಿಹೋಗಿಲ್ಲ. ಅಮೆರಿಕೆಯಲ್ಲಿ ಆ ಹೆಸರನ್ನು 1963ರಲ್ಲಿಯೇ ಕೈಬಿಟ್ಟರು. ಮುಂಡಗೋಡ, ಹಳಿಯಾಳ, ಜೋಯಿಡಾ ಸೀಮೆಯ ನಿಮ್ಮಲ್ಲಿ ಅನೇಕರು ಇಂಥದೊಂದು ಜೀಪಿನ ಹಿಂಬದಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಪೇಟೆಗೋ ಹಬ್ಬದ ಪೂಜೆಗೋ ಹೋಗಿರುತ್ತೀರಿ. ಆದ್ದರಿಂದ ಇದು ನಮ್ಮ ಮನೆಯೊಂದರ ಕಥೆಯಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಆ ಹೆಸರಿನ ಮನುಷ್ಯ ಜಾನ್ ನಾರ್ತ್ ವಿಲ್ಲೀಸ್. ಸೈಕಲ್ ವ್ಯಾಪಾರದಿಂದ ಮೇಲೆ ಬಂದವನು. ಓವರ್‌ಲ್ಯಾಂಡ್ ಎಂಬ ಕಾರು ಕಂಪನಿಯನ್ನು ಕೊಂಡು, 1912ರಲ್ಲಿ ಅದಕ್ಕೆ ತನ್ನ ಹೆಸರನ್ನೂ ಜೋಡಿಸಿ, ಒಹಾಯೊ ರಾಜ್ಯದ ಟೊಲೀಡೊ ಪಟ್ಟಣದಲ್ಲಿ ದೊಡ್ಡ ಕಾರ್ಖಾನೆ ನಡೆಸಿದ. ಆ ದಶಕದಲ್ಲಿ ಅಮೆರಿಕೆಯಲ್ಲಿ ಫೋರ್ಡ್ ಬಿಟ್ಟರೆ ಹೆಚ್ಚು ಕಾರು ಮಾರಿದವನು ಅವನೇ. ಆದರೆ 1933ರಲ್ಲಿ ಕಂಪನಿ ಸಾಲದಲ್ಲಿ ಮುಳುಗಿ ನ್ಯಾಯಾಲಯದ ಆಡಳಿತಕ್ಕೆ ಒಳಗಾಯಿತು. 1935ರಲ್ಲಿ ಅವನೂ ತೀರಿಕೊಂಡ. ತನ್ನ ಹೆಸರು ಹೊತ್ತ ಜೀಪನ್ನು ಅವನು ಕಣ್ಣಿನಿಂದ ಕಾಣಲೇ ಇಲ್ಲ.

1940ರಲ್ಲಿ ಅಮೆರಿಕದ ಸೈನ್ಯ ಹಗುರವಾದ, ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಪುಟ್ಟ ಬಂಡಿಯೊಂದು ಬೇಕೆಂದು ಕೇಳಿತು. ಹೇಳಿದ ಅವಧಿಯೊಳಗೆ ಮೊದಲ ಬಂಡಿಯನ್ನು ಕಟ್ಟಿ ತಂದು ನಿಲ್ಲಿಸಿದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ. ನಕ್ಷೆ ಬರೆದವನು ಕಾರ್ಲ್ ಪ್ರಾಬ್ಸ್ಟ್. ಆದರೆ ದೊಡ್ಡ ಗುತ್ತಿಗೆ ಹೋದದ್ದು ವಿಲ್ಲೀಸಿಗೆ. ಬಾರ್ನಿ ರೂಸ್ ಎಂಬ ಇಂಜಿನಿಯರ್ ತಿದ್ದಿ ಬಲಪಡಿಸಿದ ಅವರ ಇಂಜಿನ್ ಅರವತ್ತು ಅಶ್ವಶಕ್ತಿ ಕೊಡುತ್ತಿತ್ತು. ಅದೇ ನಮೂನೆಯನ್ನು ಫೋರ್ಡ್ ಕೂಡ ತಯಾರಿಸಿತು. ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ಹೊರಬಂದಿದ್ದವು. ಮೊದಲು ಕಟ್ಟಿದ ಬ್ಯಾಂಟಮ್‌ಗೆ ದಕ್ಕಿದ್ದು ಆ ಜೀಪುಗಳ ಹಿಂದೆ ಎಳೆಯುವ ಟ್ರೇಲರ್ ಮಾಡುವ ಕೆಲಸ. ಈ ಅನ್ಯಾಯ ನನಗೆ ಇಂದಿಗೂ ಸರಿಕಾಣುವುದಿಲ್ಲ. ಅದೇ ಯುದ್ಧದಲ್ಲಿ ಸೈನ್ಯದ ಗುರುಗಳು ಜೀಪಿನ ಬಾನೆಟ್ಟಿನ ಮೇಲೆ ಬಿಳಿಯ ವಸ್ತ್ರ ಹಾಸಿ, ಅದನ್ನೇ ಪೀಠ ಮಾಡಿಕೊಂಡು ಬಲಿಪೂಜೆ ಅರ್ಪಿಸಿದರು. ಹಾಗೆ ತೆಗೆದ ಛಾಯಾಚಿತ್ರಗಳು ಬಹಳ ಇವೆ. ಮೊದಲ ಬಾರಿ ಅಂಥದೊಂದನ್ನು ಕಂಡಾಗ ನಾನು ಎದ್ದುಹೋಗಿ ನಮ್ಮ ಬಾನೆಟ್ಟಿನ ಮೇಲೆ ಒಣಗಲು ಹಾಕಿದ್ದ ಮೆಣಸಿನಕಾಯಿಯನ್ನು ತೆಗೆಸಿದೆ.

ನಮ್ಮ ದೇಶಕ್ಕೆ ಇದು ಬಂದದ್ದು ಮಹೀಂದ್ರ ಸಹೋದರರ ಮೂಲಕ. 1945ರಲ್ಲಿ ಲೂಧಿಯಾನಾದಲ್ಲಿ ಆರಂಭವಾದ ಆ ಸಂಸ್ಥೆಯ ಹೆಸರು ಆಗ ಮಹೀಂದ್ರ ಮತ್ತು ಮೊಹಮ್ಮದ್. ದೇಶ ವಿಭಜನೆಯಾದಾಗ ಪಾಲುದಾರ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಸಂಸ್ಥೆ ಮಹೀಂದ್ರ ಮತ್ತು ಮಹೀಂದ್ರ ಆಯಿತು. 1947ರಿಂದಲೇ ಮುಂಬಯಿಯಲ್ಲಿ ವಿಲ್ಲೀಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಜೋಡಿಸುವ ಕೆಲಸ ನಡೆದಿತ್ತು. ಅತ್ತ 1953ರಲ್ಲಿ ವಿಲ್ಲೀಸ್ ಕಂಪನಿಯನ್ನು ಕೈಸರ್ ಕೊಂಡರು. ಹತ್ತು ವರ್ಷ ಹೆಸರನ್ನು ಉಳಿಸಿಕೊಂಡು ಆಮೇಲೆ ಅಳಿಸಿದರು. ‘ಜೀಪ್’ ಎಂಬ ಹೆಸರು ಕೈಯಿಂದ ಕೈಗೆ ದಾಟುತ್ತ ಬದುಕಿದೆ. ವಿಲ್ಲೀಸ್ ಬದುಕಲಿಲ್ಲ. ಟೊಲೀಡೊದ ಹಳೆಯ ಕಾರ್ಖಾನೆಯನ್ನು ಕೆಡವಿದ ಮೇಲೆ ಓವರ್‌ಲ್ಯಾಂಡ್ ಎಂದು ಬರೆದ ಹೊಗೆಗೊಳವೆಯೊಂದನ್ನು ನೆನಪಿಗೆಂದು ಉಳಿಸಿದ್ದಾರಂತೆ.

ನಮ್ಮದು 1958ರ ಮಾದರಿ. ಇಂಜಿನ್ ಎತ್ತರವಾದ್ದರಿಂದ ಬಾನೆಟ್ಟನ್ನೂ ಎತ್ತರಿಸಿದ ನಮೂನೆ. ಅಪ್ಪ ಅದನ್ನು 1974ರಲ್ಲಿ ನಾಟಾ ಗುತ್ತಿಗೆದಾರರೊಬ್ಬರಿಂದ ಮೂರನೇ ಕೈಗೆ ಕೊಂಡರು. ಆಗ ನಮ್ಮ ಕಾಡಿನ ಊರುಗಳಲ್ಲಿ ‘ಜೀಪು ಬಂತು’ ಎಂಬ ಮಾತಿಗೆ ಒಂದೇ ಅರ್ಥವಿತ್ತು: ಫಾರೆಸ್ಟಿನವರು ಬಂದರು. ಸೌದೆಯ ಹೊರೆ ಹೊತ್ತವರು ಆ ಸದ್ದಿಗೆ ಪೊದೆಯೊಳಗೆ ಸರಿಯುತ್ತಿದ್ದರು. ಅಪ್ಪನ ಜೀಪಿನ ಸದ್ದಿಗೂ ಮೊದಲ ಕೆಲವು ತಿಂಗಳು ಜನ ಹಾಗೆಯೇ ಓಡಿದರೆಂದು ಅಮ್ಮ ನಗುತ್ತ ಹೇಳುತ್ತಿದ್ದಳು. ಕಡೆಗೆ ಅಪ್ಪ ಹಾರ್ನನ್ನು ಬದಲಿಸಿದರು. ಎರಡು ಸಲ ಗಿಡ್ಡ, ಒಂದು ಸಲ ಉದ್ದ ಎಂದರೆ ನಮ್ಮವರದೇ ಜೀಪು ಎಂದು ಎಲ್ಲರಿಗೂ ತಿಳಿಯಿತು.

ಓಡಿಸಲು ಅದೇನೂ ಸುಖದ ಗಾಡಿಯಲ್ಲ, ಇದನ್ನು ಮುಚ್ಚಿಟ್ಟು ಹೊಗಳುವುದು ನನಗೆ ಬೇಡ. ಪೆಟ್ರೋಲ್ ಟ್ಯಾಂಕು ಚಾಲಕನ ಸೀಟಿನ ಕೆಳಗೇ ಇದೆ; ಬೇಸಿಗೆಯಲ್ಲಿ ಆ ವಾಸನೆಯ ಮೇಲೆಯೇ ಕುಳಿತಿರಬೇಕು. ಗೇರು ಮೂರೇ. ಓಡುತ್ತಿರುವಾಗ ಮೊದಲನೆಯ ಗೇರಿಗೆ ಇಳಿಸಬೇಕಾದರೆ ಎರಡು ಸಲ ಕ್ಲಚ್ ತುಳಿಯಬೇಕು; ಇಲ್ಲದಿದ್ದರೆ ಹಲ್ಲು ಕಡಿಯುವ ಸದ್ದು ಊರಿಗೆಲ್ಲ ಕೇಳುತ್ತದೆ. ಸ್ಟೀರಿಂಗಿನಲ್ಲಿ ಅರ್ಧ ಗೇಣು ಆಟ. ನೀರು ಹೊಕ್ಕರೆ ಬ್ರೇಕು ಹಿಡಿಯುವುದಿಲ್ಲ. ಹಳ್ಳ ದಾಟಿದ ಮೇಲೆ ಪೆಡಲಿನ ಮೇಲೆ ಮೆಲ್ಲಗೆ ಕಾಲಿಟ್ಟುಕೊಂಡೇ ಸ್ವಲ್ಪ ದೂರ ಓಡಿಸಿ ಒಣಗಿಸಬೇಕು. ಆದರೆ ದೊಡ್ಡ ಗೇರಿನ ಬದಿಯ ಎರಡು ಗಿಡ್ಡ ಕೋಲುಗಳನ್ನು ಎಳೆದು ನಾಲ್ಕೂ ಚಕ್ರಕ್ಕೆ ಹಾಕಿದಿರೆಂದರೆ, ಆಷಾಢದ ಕೆಸರಿನಲ್ಲಿ ಎತ್ತಿನ ಗಾಡಿ ನಿಂತ ಕಡೆಯೂ ಅದು ನಿಧಾನವಾಗಿ ತೆವಳಿಕೊಂಡು ಹೋಗುತ್ತದೆ.

1983ರ ಜುಲೈ ತಿಂಗಳ ಒಂದು ರಾತ್ರಿ ಹಳ್ಳದ ಆಚೆಯ ಕೇರಿಯಿಂದ ಸಿದ್ದಿ ಸಮಾಜದ ಇಬ್ಬರು ಹುಡುಗರು ಕಂಬಳಿಕೊಪ್ಪೆ ಹೊದ್ದು ಬಂದರು. ಅವರ ಅತ್ತಿಗೆಗೆ ಹೆರಿಗೆ ನೋವು, ಸೂಲಗಿತ್ತಿ ಕೈಚೆಲ್ಲಿದ್ದಳು. ಹಳ್ಳ ತೊಡೆಯುದ್ದ ಹರಿಯುತ್ತಿತ್ತು. ಅಪ್ಪ ದಡದಲ್ಲಿ ಜೀಪು ನಿಲ್ಲಿಸಿ, ಲಾಟೀನಿನ ಬೆಳಕಿನಲ್ಲಿ ಫ್ಯಾನಿನ ಬೆಲ್ಟನ್ನು ಕಳಚಿದರು. ಫ್ಯಾನು ತಿರುಗಿದರೆ ನೀರನ್ನು ಎತ್ತಿ ಇಂಜಿನ್ನಿನ ಮೇಲೆಯೇ ಎರಚುತ್ತದೆ, ಪ್ಲಗ್ಗಿನ ಕಿಡಿ ಸಾಯುತ್ತದೆ. ಡಿಸ್ಟ್ರಿಬ್ಯೂಟರಿಗೆ ಅಮ್ಮನ ಹಳೆಯ ಪ್ಲಾಸ್ಟಿಕ್ ಚೀಲ ಕಟ್ಟಿದರು. ಲೋ ಗೇರಿನಲ್ಲಿ ಎಲ್ಲಿಯೂ ನಿಲ್ಲದೆ, ವೇಗವನ್ನೂ ಹೆಚ್ಚಿಸದೆ ಹೋದರು, ಹಾಗೆಯೇ ಮರಳಿದರು. ಈಚೆ ದಡದಲ್ಲಿ ಬೆಲ್ಟ್ ಮರಳಿ ಹಾಕುವಾಗ ನಾನು ಲಾಟೀನು ಹಿಡಿದಿದ್ದೆ. ಹಿಂದೆ ಆ ತಾಯಿ ಸೀಟಿನ ಕಬ್ಬಿಣವನ್ನು ಹಿಡಿದು ನರಳುತ್ತಿದ್ದಳು. ಬೆಳಗಿನ ಜಾವ ಮುಂಡಗೋಡದಲ್ಲಿ ಗಂಡು ಮಗು ಹುಟ್ಟಿತು. ಆತ ಈಗ ಹುಬ್ಬಳ್ಳಿಯಲ್ಲಿ ಲಾರಿ ಓಡಿಸುತ್ತಾನೆ. ಜೀಪಿನ ಬಗ್ಗೆ ಅವನಿಗೆ ಅಂಥ ಭಕ್ತಿಯೇನೂ ಇಲ್ಲ. ಸಿಕ್ಕಾಗಲೆಲ್ಲ, “ಮಾಸ್ತರ, ಇದಕ್ಕೊಂದು ಪವರ್ ಸ್ಟೀರಿಂಗ್ ಹಾಕಸ್ರಿ” ಎನ್ನುತ್ತಾನೆ.

ಕಂಪನಿ ಇಲ್ಲದ ಗಾಡಿಗೆ ಬಿಡಿಭಾಗ ಎಲ್ಲಿಂದ ತರುತ್ತೀರಿ ಎಂದು ನೀವು ಕೇಳಬಹುದು. ಸ್ಟುಡಿಬೇಕರ್, ಹಡ್ಸನ್, ಪ್ಯಾಕಾರ್ಡ್ ಮುಂತಾದ ಅಮೆರಿಕದ ಕಾರುಗಳನ್ನು ಇಟ್ಟುಕೊಂಡವರಿಗೆ ಆ ಕಷ್ಟ ನಿಜವಾದದ್ದೇ. ಒಂದು ಗಾಜು ಒಡೆದರೆ ಗಾಡಿ ವರ್ಷಗಟ್ಟಲೆ ಷೆಡ್ಡಿನಲ್ಲಿ ನಿಲ್ಲುತ್ತದೆ. 2017ರ ಕೊನೆಗೆ ಷೆವರ್ಲೆ ಕಂಪನಿ ನಮ್ಮ ದೇಶದಲ್ಲಿ ಮಾರಾಟ ನಿಲ್ಲಿಸಿದಾಗ, 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನು ಬಿಟ್ಟಾಗ, ಸಾಲ ಮಾಡಿ ಟವೇರಾ ಕೊಂಡು ಬಾಡಿಗೆಗೆ ಓಡಿಸುತ್ತಿದ್ದ ಕುಟುಂಬಗಳ ಆತಂಕವನ್ನು ನಿಮ್ಮಲ್ಲಿ ಕೆಲವರು ಹತ್ತಿರದಿಂದ ಬಲ್ಲಿರಿ. ವಿಲ್ಲೀಸ್ ಒಡೆಯರ ಭಾಗ್ಯವೇನೆಂದರೆ, ಅದರ ಎರಕವನ್ನೇ ಹಿಡಿದು ಮಹೀಂದ್ರದವರು ದಶಕಗಳ ಕಾಲ ಜೀಪು ಮಾಡಿದರು. ತಾಯಿ ತೀರಿಕೊಂಡರೂ ಚಿಕ್ಕಮ್ಮ ಸಾಕಿದಂತೆ. ಕಿಂಗ್‌ಪಿನ್, ಬೇರಿಂಗ್, ಸ್ಪ್ರಿಂಗ್ ಪಟ್ಟಿ ಎಲ್ಲವೂ ಹುಬ್ಬಳ್ಳಿಯಲ್ಲಿಯೋ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿಯೋ ಸಿಕ್ಕಿವೆ. ಸಿಗದಿದ್ದುದನ್ನು ಮುಂಡಗೋಡದ ನಮ್ಮ ಮೆಕ್ಯಾನಿಕ್ ಚಾಚಾ ಲೇಥಿನಲ್ಲಿ ಕಡೆಸಿ ತಂದಿದ್ದಾರೆ.

ಇಂಜಿನ್ನಿನ ಮಾತು ಬೇರೆ. ಪೆಟ್ರೋಲಿನ ಖರ್ಚು ತಾಳಲಾರದೆ 1989ರಲ್ಲಿ ಅಪ್ಪ ಮಹೀಂದ್ರದ ಡೀಸೆಲ್ ಇಂಜಿನ್ ಕೂರಿಸಿದರು. ಮೂಲತಃ ಅದು ಫ್ರಾನ್ಸಿನ ಪ್ಯೂಜೋ ಕಂಪನಿಯ ವಿನ್ಯಾಸ. ಆರ್.ಸಿ. ಪುಸ್ತಕದಲ್ಲಿ ಅದನ್ನು ಕ್ರಮವಾಗಿ ಬರೆಸಿದರು. ಕಳಚಿದ ಹಳೆಯ ಇಂಜಿನ್ನಿಗೆ ಗ್ರೀಸು ಬಳಿದು, ಗೋಣಿತಾಟು ಸುತ್ತಿ, ಅಡಿಕೆ ಕೊಟ್ಟಿಗೆಯ ಮೂಲೆಯಲ್ಲಿ ಹಲಗೆಯ ಮೇಲೆ ಇಟ್ಟರು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಪ್ಲಗ್ ಬಿಚ್ಚಿ ಎರಡು ಹನಿ ಎಣ್ಣೆ ಬಿಟ್ಟು, ಕೈಯಿಂದ ಒಂದು ಸುತ್ತು ತಿರುಗಿಸುವುದು ಅವರ ವ್ರತ. ಅವರ ನಂತರ ಅದನ್ನು ನಾನು ನಡೆಸಿಕೊಂಡು ಬಂದೆ.

ಕಳೆದ ವರ್ಷ ಬೆಂಗಳೂರಿನಿಂದ ಒಬ್ಬರು ಬಂದರು. ಹಳೆಯ ಗಾಡಿಗಳನ್ನು ಪ್ರೀತಿಯಿಂದ ಸಂಗ್ರಹಿಸುವವರು, ತಿಳಿದವರು. ಬಾನೆಟ್ಟಿನ ಅಕ್ಷರಗಳ ಮೇಲೆ ಕೈಯಾಡಿಸಿದ ರೀತಿಯಲ್ಲಿಯೇ ಅದು ಗೊತ್ತಾಯಿತು. ಜೀಪು, ಹಳೆಯ ಇಂಜಿನ್ ಎರಡನ್ನೂ ಕೊಂಡು, ಮರಳಿ ಜೋಡಿಸಿ, ಮೂಲರೂಪಕ್ಕೆ ತರುತ್ತೇನೆಂದರು. ಅವರು ಹೇಳಿದ ಬೆಲೆ ನನ್ನ ತಮ್ಮನ ಮಗಳ ನರ್ಸಿಂಗ್ ಓದಿನ ಎರಡು ವರ್ಷಗಳ ಶುಲ್ಕಕ್ಕೆ ಸಾಕಾಗುವಷ್ಟಿತ್ತು. ತಮ್ಮ ಫೋನಿನಲ್ಲಿ ಒಂದೇ ಮಾತು ಹೇಳಿದ: “ಅಣ್ಣಾ, ಅಪ್ಪ ಇದ್ದಿದ್ದರೆ ಮೊಮ್ಮಗಳನ್ನು ನೋಡುತ್ತಿದ್ದರೋ ಜೀಪನ್ನೋ?” ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅಪ್ಪನ ಸ್ವಭಾವ ಬಲ್ಲವನಿಗೆ ಆ ಪ್ರಶ್ನೆ ಸುಲಭದ್ದಲ್ಲ.

ಕಾನೂನನ್ನೂ ನೋಡಬೇಕಾಯಿತು. ನಿಮ್ಮಲ್ಲಿ ಹಳೆಯ ವಾಹನವಿದ್ದವರಿಗೆ ಇದು ಉಪಯೋಗಕ್ಕೆ ಬಂದೀತು. 15 ವರ್ಷ ದಾಟಿದ ಖಾಸಗಿ ವಾಹನದ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಕಾರು-ಜೀಪುಗಳಿಗೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಲ್ಲಿ 10,000ಕ್ಕೆ ಏರಿತು. ಇನ್ನೊಂದು ದಾರಿ 2021ರ ವಿಂಟೇಜ್ ನಿಯಮ: 50 ವರ್ಷ ಮೀರಿದ, ಮೂಲರೂಪದಲ್ಲಿಯೇ ಇರುವ ಗಾಡಿಗೆ 20,000 ರೂಪಾಯಿ ಕಟ್ಟಿದರೆ ಹತ್ತು ವರ್ಷಗಳ ಪ್ರತ್ಯೇಕ ನೋಂದಣಿ. ಆದರೆ ಆಮೇಲೆ ಅದನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ, ದುರಸ್ತಿಗೆ, ಇಂಧನ ತುಂಬಿಸಲು ಇಂಥವಕ್ಕಲ್ಲದೆ ರಸ್ತೆಗೆ ಇಳಿಸುವಂತಿಲ್ಲ. ಎಂದರೆ, ಹಳೆಯ ಇಂಜಿನ್ ಕೂರಿಸಿದರೆ ಜೀಪಿಗೆ ಗೌರವ ಸಿಗುತ್ತದೆ, ಕೆಲಸ ನಿಲ್ಲುತ್ತದೆ. ಡೀಸೆಲ್ ಇಂಜಿನ್ ಇದ್ದರೆ ಕೆಲಸವಿದೆ, ಗೌರವವಿಲ್ಲ. ಮೂಲರೂಪ ಎಂಬ ಮಾತೇ ನನಗೆ ಆ ದಿನಗಳಲ್ಲಿ ತೊಡಕಾಗಿ ಕಂಡಿತು. ಯುದ್ಧಕ್ಕೆಂದು ಹುಟ್ಟಿದ ಗಾಡಿಯ ಮೂಲರೂಪ ಯಾವುದು? ಬಂದೂಕು ಹೊತ್ತದ್ದೋ, ಬಸುರಿಯನ್ನು ಹೊತ್ತದ್ದೋ?

ಹಳ್ಳಕ್ಕೆ ಈಗ ಸೇತುವೆಯಾಗಿದೆ, ಆಂಬುಲೆನ್ಸ್ ಬರುತ್ತದೆ. ಆದರೂ ಸುರಿವ ಮಳೆಯಲ್ಲಿ ಮರ ಬಿದ್ದು ದಾರಿ ಕಟ್ಟಿದಾಗ, ಒಳಗಿನ ಕೇರಿಯಿಂದ ಶವಪೆಟ್ಟಿಗೆಯನ್ನು ಸ್ಮಶಾನಕ್ಕೆ ತರಬೇಕಾದಾಗ ಜನ ನಮ್ಮ ಅಂಗಳಕ್ಕೇ ಬರುತ್ತಾರೆ. ಹಿಂದಿನ ಬಾಗಿಲು ತೆಗೆದು, ಸೀಟು ಮಡಿಚಿ, ಪೆಟ್ಟಿಗೆಯ ಎರಡೂ ಬದಿಗೆ ಹುಡುಗರು ಕುಳಿತು ಹಿಡಿದುಕೊಳ್ಳುತ್ತಾರೆ. ಹಾಗೆ ನಾನು ಅಪ್ಪನನ್ನೂ ತಂದೆ, ಅಮ್ಮನನ್ನೂ ತಂದೆ.

ಚಾಚಾ ಒಂದು ಉಪಾಯ ಹೇಳಿದರು. ಆ ಸಂಗ್ರಹಕಾರರ ಬಳಿ ಇಂಜಿನ್ ಇಲ್ಲದ ಇನ್ನೊಂದು ವಿಲ್ಲೀಸ್ ಇತ್ತು. “ಮಾಸ್ತರ, ಇಂಜಿನ್ ಕೊಡ್ರಿ, ಗಾಡಿ ಇಟ್ಕೋರಿ. ಕೊಟ್ಟಿಗ್ಯಾಗ ಮಲಗಿದ್ದಕ್ಕ ಎಷ್ಟು ವರ್ಷ ಎಣ್ಣಿ ಕುಡಸ್ತೀರಿ?” ನಾನು ಮೂರು ದಿನ ಯೋಚಿಸಿದೆ. ಇಂಜಿನ್ ಹೋದರೆ ಈ ಜೀಪು ಇನ್ನೆಂದಿಗೂ ತನ್ನ ಮೂಲರೂಪಕ್ಕೆ ಮರಳಲಾರದು, ಮುಂದೆ ಯಾರೂ ಆ ಬೆಲೆ ಕೊಡಲಾರರು. ತಮ್ಮನಿಗೆ ಫೋನು ಮಾಡಿದೆ. ಒಂದು ವರ್ಷದ ಶುಲ್ಕ ಇಂಜಿನ್ನಿನಿಂದ. ಎರಡನೆಯದಕ್ಕೆ ಈ ವರ್ಷದ ನನ್ನ ಪಾಲಿನ ಅಡಿಕೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಆಯ್ತು” ಎಂದ. ಆ ಮೌನದಲ್ಲಿ ಪೂರ್ಣ ಒಪ್ಪಿಗೆ ಇತ್ತೆಂದು ನಾನು ಹೇಳಲಾರೆ.

ಇಂಜಿನ್ನನ್ನು ಹುಬ್ಬಳ್ಳಿಯ ಟ್ರಾನ್ಸ್‌ಪೋರ್ಟಿಗೆ ಮುಟ್ಟಿಸಿದ್ದು ಅದೇ ಜೀಪು. ನಾಲ್ವರು ಸೇರಿ ಎತ್ತಿ ಹಿಂದಕ್ಕೆ ಇಟ್ಟೆವು; ಚಾಚಾ ಅದರ ಪಕ್ಕದಲ್ಲಿಯೇ ಕುಳಿತು ಬಂದರು. ಕೊಂಡವರಿಗೆ ಕೊಡಲೆಂದು ಒಂದು ಚೀಟಿಯನ್ನೂ ನನ್ನಿಂದ ಬರೆಸಿದರು: ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪು, ಪಂಪಿನ ಪೊರೆ ಎಲ್ಲವನ್ನೂ ಬದಲಿಸದೆ ಚಾಲೂ ಮಾಡಬಾರದು. ಎರಡು ತಿಂಗಳ ನಂತರ ಅವರು ಚಾಲೂ ಆದ ಇಂಜಿನ್ನಿನ ಸದ್ದನ್ನು ಫೋನಿನಲ್ಲಿ ಕೇಳಿಸಿದರು. ಚಾಚಾ ಕಿವಿಗೆ ಹಿಡಿದು ಕೇಳಿ, ಮೂರನೆಯ ಸಿಲಿಂಡರಿನ ವಾಲ್ವ್ ಸ್ವಲ್ಪ ಬಿಗಿಯಾಗಿದೆ, ಸಡಿಲಿಸಲು ಹೇಳಿ ಎಂದರು. ನಮ್ಮ ಜೀಪಿನ ನವೀಕರಣ 2028ರ ಮಾರ್ಚ್‌ಗೆ ಬರುತ್ತದೆ. ಅಷ್ಟರಲ್ಲಿ ಎಡಗಡೆಯ ಕಿಂಗ್‌ಪಿನ್ ಬದಲಿಸಬೇಕಾಗಿದೆ.